ಚಾಟನಿಯ ನಂತರದ ಆರೇಳು ವಾರ

ಆಳಂದ, ಅಫಜಲಪುರ ಕಡೆಯ ದ್ರಾಕ್ಷಿ ಪಡಗಳಿಗೆ ವರ್ಷಕ್ಕೆ ಎರಡು ಚಾಟನಿ, ಅಂದರೆ ಕಡ್ಡಿ ಸವರುವ ಕೆಲಸ. ಏಪ್ರಿಲ್‌ನದು ಕಡ್ಡಿ ಬೆಳೆಸಲು, ಅಕ್ಟೋಬರ್‌ನದು ಹಣ್ಣು ಹಿಡಿಯಲು. ವರ್ಷದ ಗಳಿಕೆ ನಿಂತಿರುವುದು ಎರಡನೆಯದರ ಮೇಲೆ, ಅದು ಬರುವುದೋ ಹಿಂಗಾರು ಮಳೆಯ ಹೊತ್ತಿಗೆ. ಕಣ್ಣು ಒಡೆದು ಚಿಗುರು ಬಂದಾಗಿನಿಂದ ಕಾಯಿ ಕಟ್ಟುವ ತನಕದ ಆರೇಳು ವಾರಗಳಲ್ಲಿ ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದರೆ ದಾವಣಿ ರೋಗ ಎಲೆಯಿಂದ ಗೊಂಚಲಿಗೆ ಇಳಿಯುತ್ತದೆ. ಹೂಗೊಂಚಲಿಗೆ ದಾವಣಿ ಹತ್ತಿದರೆ ಆ ಗೊಂಚಲು ಹೋದಂತೆಯೇ. ಆಮೇಲೆ ಎಷ್ಟು ಎಣ್ಣೆ ಹೊಡೆದರೂ ಖರ್ಚಷ್ಟೇ.

ಅಂಗಡಿಯವರು ಕೊಟ್ಟದ್ದನ್ನು ತಂದು ಹೊಡೆಯುವ ಮೊದಲು ಎಲೆ ತಿರುವಿ ನೋಡಬೇಕು. ಮೇಲ್ಭಾಗದಲ್ಲಿ ಎಣ್ಣೆ ಸೋಕಿದಂಥ ಹಳದಿ ಮಚ್ಚೆ, ಅದರ ಅಡಿಗೇ ಬಿಳಿ ಬೂಷ್ಟು ಕಂಡರೆ ಅದು ದಾವಣಿ. ಎಲೆ ಒದ್ದೆಯಾಗಿದ್ದರೆ ಮಾತ್ರ ಅದು ಹತ್ತುತ್ತದೆ. ಬೂದಿ ರೋಗಕ್ಕೆ ಎಲೆಯ ಮೇಲೆ ನೀರು ಬೇಕಿಲ್ಲ. ಒಣ ಚಳಿಗಾಲದಲ್ಲಿ, ಬಿಸಿಲು ಬೀಳದ ದಟ್ಟ ಬಳ್ಳಿಯೊಳಗೆ ಬೆಳೆದು ಕಾಯಿಯ ಮೇಲೆ ಬೂದಿ ಎರಚಿದಂತೆ ಕೂರುತ್ತದೆ. ದಾವಣಿಗೆ ತಾಮ್ರ, ಬೂದಿಗೆ ಗಂಧಕ. ಒಂದರ ಮದ್ದನ್ನು ಇನ್ನೊಂದಕ್ಕೆ ಹೊಡೆದು ಕೈ ಸುಟ್ಟುಕೊಳ್ಳುವುದು ಬೇಡ. ಗಂಧಕವನ್ನು ಸುಡು ಬಿಸಿಲಲ್ಲಂತೂ ಹೊಡೆಯಲೇಬಾರದು, ಎಲೆ ಸುಡುತ್ತದೆ.

ತಾಮ್ರದ ಮದ್ದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೊ ಸೀಮೆಯಲ್ಲಿ. ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಅಲ್ಲಿನವರು ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಲ್ಲಿ ಮಾತ್ರ ದಾವಣಿ ಇಲ್ಲದ್ದನ್ನು ಕಂಡ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ 1885ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದ. ಶೇ 1ರ ಬೋರ್ಡೊ ದ್ರಾವಣವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಕರಗಿಸಿ ಆಮೇಲೆ ಕೂಡಿಸಬೇಕು. ಉಜ್ಜಿದ ಕಬ್ಬಿಣದ ಚೂರಿ ಅದ್ದಿ ನೋಡಿ, ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಚಾಟನಿ ಮುಗಿದ ಕೂಡಲೇ ಕಾಂಡ, ಕಡ್ಡಿ ತೊಯ್ಯುವಂತೆ ಹೊಡೆದು, ಮಾಡಿದ್ದನ್ನು ಅಂದೇ ಮುಗಿಸಬೇಕು. ಕತ್ತರಿಸಿದ ಕಡ್ಡಿ, ಉದುರಿದ ಎಲೆಗಳನ್ನು ಪಡದಲ್ಲೇ ಬಿಟ್ಟರೆ ಈ ಶ್ರಮವೆಲ್ಲ ವ್ಯರ್ಥ. ರೋಗ ಮುಂದಿನ ಹಂಗಾಮಿಗೆ ಕಾದು ಕೂರುವುದು ಅಲ್ಲೇ.

ಹಿಟ್ಟು ತಿಗಣೆಯದು ಬೇರೆಯೇ ಕಥೆ. ಸಡಿಲ ತೊಗಟೆಯ ಸಂದಿಯಲ್ಲಿ ಅಡಗಿ, ಮೈಮೇಲೆ ಮೇಣ ಹೊದ್ದಿರುವ ಅದಕ್ಕೆ ಎಣ್ಣೆ ತಾಗುವುದೇ ಕಷ್ಟ. ಇರುವೆಗಳು ಅದರ ಸಿಹಿ ಅಂಟಿನ ಆಸೆಗೆ ಕಾವಲು ನಿಲ್ಲುತ್ತವೆ. ತೊಗಟೆ ಸುಲಿಯಿರಿ, ಇರುವೆ ಏರದಂತೆ ನೋಡಿಕೊಳ್ಳಿ, ಆಸ್ಟ್ರೇಲಿಯಾ ಮೂಲದ ಕ್ರಿಪ್ಟೊಲೇಮಸ್ ಗುಲಗಂಜಿ ಹುಳ ಬಿಡಿ. ಬಿಟ್ಟ ಮೇಲೆ ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಆ ಹುಳವೇ.

ಮನೆಯಂಗಳದ ಗಿಡಗಳಿಗೆ ವಿಷ ಬೇಕಾಗುವುದೇ ಅಪರೂಪ. ಪಪ್ಪಾಯಿಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡು ದಕ್ಷಿಣ ಭಾರತದ ತೋಟಗಳನ್ನು ಹಾಳುಗೆಡವಿತು. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆ ಪೋರ್ಟೊ ರಿಕೊದಿಂದ ತರಿಸಿ ಬಿಡಿಸಿದ ಅಸೆರೊಫೇಗಸ್ ಎಂಬ ಕಣಜ ಅದನ್ನು ಹತೋಟಿಗೆ ತಂದಿತು. ನಿಂಬೆಯ ಎಲೆ ತಿನ್ನುವ, ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳುಗಳನ್ನು ಕೈಯಲ್ಲೇ ಆರಿಸಿ ತೆಗೆಯಬಹುದು. ಪೇರಲದ ಉದುರಿದ ಹಣ್ಣನ್ನು ದಿನವೂ ಆರಿಸಿ ಆಳದಲ್ಲಿ ಹೂತರೆ ಹಣ್ಣು ನೊಣದ ಕಾಟ ಇಳಿಯುತ್ತದೆ.

ಇನ್ನು ಪಡದ ಕಳೆಯ ಮಾತು. ಹನಿ ನೀರಾವರಿ ಪಟ್ಟಿಯಲ್ಲಿ ಕರಿಕೆ, ಜೇಕು ದಟ್ಟವಾದಷ್ಟೂ ಬುಡದ ತೇವ ಹೆಚ್ಚು, ರೋಗವೂ ಹೆಚ್ಚು. ಈ ಸೀಮೆಯಲ್ಲಿ ಕಬ್ಬಿಗೇನೂ ಕೊರತೆಯಿಲ್ಲ. ಸುಟ್ಟು ಹಾಕುವ ರವದಿಯನ್ನು ಸಾಲಿಗೆ ದಪ್ಪವಾಗಿ ಹೊದಿಸಿದರೆ ಕಳೆ ಕಡಿಮೆಯಾಗಿ ನೀರೂ ಉಳಿಯುತ್ತದೆ. ಅದೇ ಕಬ್ಬಿನಿಂದ ದ್ರಾಕ್ಷಿಗೊಂದು ದೊಡ್ಡ ಅಪಾಯವೂ ಇದೆ. ಅಗಲ ಎಲೆಯ ಕಳೆಗೆಂದು ಕಬ್ಬಿಗೆ ಹೊಡೆಯುವ 2,4-ಡಿ ಗಾಳಿಗೆ ತೇಲಿ ಬಂದರೆ ದ್ರಾಕ್ಷಿಯ ಚಿಗುರು ಮುರುಟಿ, ಎಲೆ ಬೀಸಣಿಗೆಯಂತಾಗಿ, ಹೂ ಉದುರುತ್ತದೆ. ಜೇವರ್ಗಿಯ ಹತ್ತಿಗೂ ಇದು ಅಷ್ಟೇ ಮಾರಕ. ರೈತರು ಇದನ್ನು ವೈರಸ್ ರೋಗವೆಂದು ತಿಳಿದು ಮತ್ತೆ ಮತ್ತೆ ಮದ್ದು ಹೊಡೆಯುವ ಸಾಧ್ಯತೆಯೇ ಹೆಚ್ಚು.

ಗುರುತು ಹತ್ತದ ಎಲೆಯನ್ನು ಕಲಬುರಗಿಯ ಆಳಂದ ರಸ್ತೆಯ ಇಲ್ಲವೇ ಜೇವರ್ಗಿ ತಾಲ್ಲೂಕಿನ ರದ್ದೇವಾಡಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಕಬ್ಬು ಬೆಳೆಯುವ ಅಣ್ಣ-ತಮ್ಮಂದಿರಲ್ಲಿ ಒಂದು ವಿನಂತಿ: ಕಳೆನಾಶಕ ಹೊಡೆಯುವ ಮುನ್ನ ಗಾಳಿ ಯಾವ ಕಡೆಗಿದೆ ನೋಡಿ, ಪಕ್ಕದ ಪಡದವರಿಗೆ ಒಂದು ಮಾತು ತಿಳಿಸಿ. ಅಕ್ಟೋಬರ್ ಚಾಟನಿಯ ನಂತರದ ಆರೇಳು ವಾರವಾದರೂ 2,4-ಡಿ ಬಿಟ್ಟು ಎಡೆ ಹೊಡೆಯಿರಿ.