ನೀರಿಗಿಳಿದ ಕಮಾನು ಪಟ್ಟಿ

ದೋಣಿ ಎಂದರೆ ನೀರಿನ ದಡದಲ್ಲೇ ಇರಬೇಕಾದ ಆಸ್ತಿ ಎಂಬ ಸ್ಥಿತಿ ಅಮೆರಿಕದಲ್ಲಿ ಬದಲಾದದ್ದು ಕಳೆದ ಶತಮಾನದ ಮಧ್ಯಭಾಗದಲ್ಲಿ. 1909ರಲ್ಲಿ ಮಿಲ್ವಾಕಿಯ ಓಲೆ ಎವಿನ್‌ರೂಡ್, ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರನ್ನು ಮಾರುಕಟ್ಟೆಗೆ ತಂದಿದ್ದರು. 1933ರಲ್ಲಿ ಸ್ಥಾಪನೆಯಾದ ಟೆನೆಸಿ ಕಣಿವೆ ಪ್ರಾಧಿಕಾರದ ಅಣೆಕಟ್ಟುಗಳು ಸಮುದ್ರವನ್ನೇ ಕಾಣದ ಊರುಗಳ ಪಕ್ಕಕ್ಕೂ ವಿಶಾಲ ಜಲಾಶಯಗಳನ್ನು ತಂದವು. ಎರಡನೇ ಮಹಾಯುದ್ಧದ ನಂತರ ಹಗುರವಾದ ಫೈಬರ್‌ಗ್ಲಾಸ್ ದೋಣಿಗಳು ಬಂದವು. 1956ರ ಕಾಯ್ದೆ ಅಂತರರಾಜ್ಯ ಹೆದ್ದಾರಿಗಳ ಜಾಲಕ್ಕೆ ಹಣ ಒದಗಿಸಿತು. ಮನೆಯಂಗಳದಲ್ಲಿ ನಿಲ್ಲಿಸಿದ ದೋಣಿಯನ್ನು ವಾರಾಂತ್ಯಕ್ಕೆ ಟ್ರೇಲರ್ ಮೇಲೆ ಕಾರಿನ ಹಿಂದೆ ಎಳೆದೊಯ್ಯುವುದು ಸಾಮಾನ್ಯವಾಯಿತು. ಆದರೆ ಈ ಹೊಸ ಗಾಡಿಗಾಗಿ ಹೊಸ ಸಸ್ಪೆನ್ಶನ್ ಹುಟ್ಟಲಿಲ್ಲ. ಕುದುರೆ ಸಾರೋಟಿನಿಂದ ಮೋಟಾರು ಗಾಡಿಗೆ ಬಂದಿದ್ದ ಕಮಾನು ಪಟ್ಟಿಯನ್ನೇ ಇದರ ಅಡಿಗೂ ಬಿಗಿದರು. ಒಣ ರಸ್ತೆಗೆಂದು ರೂಪುಗೊಂಡ ಸಾಧನ ಹೀಗೆ ನೀರಿಗಿಳಿಯಿತು. ದೋಣಿ ಟ್ರೇಲರ್‌ನ ರಿಪೇರಿಯ ಕಥೆಯೆಲ್ಲ ಆರಂಭವಾಗುವುದು ಇಲ್ಲಿಂದ.

ಕಮಾನು ಪಟ್ಟಿಯ ರಚನೆ ಸರಳ. ಉದ್ದ ಕಡಿಮೆಯಾಗುತ್ತ ಹೋಗುವ ಉಕ್ಕಿನ ಪ್ಲೇಟುಗಳನ್ನು ಒಂದರಡಿ ಒಂದು ಜೋಡಿಸಿ, ನಡುವೆ ಸೆಂಟರ್ ಬೋಲ್ಟ್ ಹಾಕಿ, ಯು-ಬೋಲ್ಟುಗಳಿಂದ ಆಕ್ಸಲ್‌ಗೆ ಬಿಗಿಯುತ್ತಾರೆ. ನಮ್ಮ ಲಾರಿಗಳ ಅಡಿಯಲ್ಲೂ ಕಾಣುವುದು ಇದೇ ಏರ್ಪಾಡು. ಗುಂಡಿ ಬಂದಾಗ ಪ್ಲೇಟುಗಳು ಬಾಗುತ್ತವೆ. ಬಾಗುವಾಗ ಒಂದಕ್ಕೊಂದು ಉಜ್ಜಿಕೊಂಡು ಕುಲುಕಾಟವನ್ನು ತಾವೇ ಒಂದಿಷ್ಟು ತಗ್ಗಿಸುತ್ತವೆ. ರಸ್ತೆಯಲ್ಲಿ ಉಪಕಾರಿಯಾದ ಈ ಉಜ್ಜುವ ಸಂದೇ ನೀರಿನಲ್ಲಿ ಮುಳುವಾಗುತ್ತದೆ. ದೋಣಿ ತೇಲಬೇಕಾದರೆ ಟ್ರೇಲರನ್ನು ಇಳಿಜಾರಿನಲ್ಲಿ ಹಿಂದಕ್ಕೆ ಬಿಟ್ಟು ಆಕ್ಸಲ್ ಮುಳುಗಿಸಬೇಕು. ಶೇ 3.5ರಷ್ಟು ಉಪ್ಪಿರುವ ಸಮುದ್ರದ ನೀರು ಪ್ಲೇಟುಗಳ ನಡುವೆ ಹೊಕ್ಕು ಬೇಗ ಒಣಗದೆ ಉಳಿಯುತ್ತದೆ. ತುಕ್ಕಿಗೆ ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಜಾಗ ಬೇಕು. ಅದು ಪ್ಲೇಟುಗಳನ್ನು ಒಳಗಿನಿಂದಲೇ ದೂರ ತಳ್ಳುತ್ತದೆ. ಪಟ್ಟಿಯ ತುದಿಯನ್ನು ಚೌಕಟ್ಟಿಗೆ ಸೇರಿಸುವ ಶ್ಯಾಕಲ್‌ನ ಬುಷ್ ಸವೆದು ಬೋಲ್ಟಿನ ತೂತು ಅಂಡಾಕಾರವಾಗುತ್ತದೆ. ಹಾಗಾಗಿ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎನ್ನುವುದರಿಂದ ಇದರ ಆಯುಸ್ಸನ್ನು ಅಳೆಯಲಾಗದು.

ಈ ಸಮಸ್ಯೆಗೆ ತಯಾರಕರು ಎರಡು ಉತ್ತರ ಹುಡುಕಿದರು. ಮೊದಲನೆಯದು ಸತುವಿನ ಲೇಪ. ಕರಗಿದ ಸತುವಿನಲ್ಲಿ ಉಕ್ಕನ್ನು ಅದ್ದುವ ವಿಧಾನಕ್ಕೆ ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್ 1837ರಲ್ಲೇ ಪೇಟೆಂಟ್ ಪಡೆದಿದ್ದ. ಚೌಕಟ್ಟಿನ ಮಟ್ಟಿಗೆ ಇದು ಬಹುಕಾಲ ಕಾಯುತ್ತದೆ. ಆದರೆ ಸ್ಪ್ರಿಂಗಿನಲ್ಲಿ ಪ್ಲೇಟುಗಳು ಉಜ್ಜುವ ಜಾಗದಲ್ಲೇ ಲೇಪ ಮೊದಲು ಸವೆಯುತ್ತದೆ. ರಕ್ಷಣೆ ಹೆಚ್ಚು ಬೇಕಾದದ್ದೂ ಅಲ್ಲೇ. ಎರಡನೆಯ ಉತ್ತರ ಸಂದನ್ನೇ ಇಲ್ಲವಾಗಿಸುವುದು. ಸ್ವಿಸ್ ಎಂಜಿನಿಯರ್ ಹರ್ಮನ್ ನೈಡ್‌ಹಾರ್ಟ್ ರೂಪಿಸಿದ ರಬ್ಬರ್ ಸ್ಪ್ರಿಂಗಿನ ತತ್ವ ಹೀಗಿದೆ: ಚೌಕಾಕಾರದ ಕೊಳವೆಯೊಳಗೆ ಇನ್ನೊಂದು ಚೌಕ ದಂಡವನ್ನು ಓರೆಯಾಗಿ ಕೂರಿಸಿ, ನಾಲ್ಕು ಮೂಲೆಗಳಲ್ಲಿ ರಬ್ಬರ್ ತುಂಬುವುದು. ಚಕ್ರ ಹೊತ್ತ ತೋಳು ಮೇಲೆದ್ದಾಗ ಒಳದಂಡ ತಿರುಗಿ ರಬ್ಬರನ್ನು ಹಿಂಡುತ್ತದೆ. ಇಂದಿನ ಟಾರ್ಶನ್ ಆಕ್ಸಲ್‌ಗಳ ಒಳಗೆ ನಡೆಯುವುದು ಇದೇ ಕೆಲಸ. ಉಜ್ಜುವ ಲೋಹವಿಲ್ಲ, ಬುಷ್ ಇಲ್ಲ, ಪ್ರತಿ ಚಕ್ರವೂ ಸ್ವತಂತ್ರ, ಓಟವೂ ನಯ.

ಇಷ್ಟಾದ ಮೇಲೂ ಉಪ್ಪುನೀರಿಗಿಳಿಯುವ ಗಾಡಿಗೆ ಕಮಾನು ಪಟ್ಟಿಯೇ ಮೇಲು ಎನ್ನಲು ಕಾರಣ ರಿಪೇರಿಯಲ್ಲಿದೆ. ಚೌಕಟ್ಟನ್ನು ಜಾಕಿನಿಂದೆತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿದರೆ, ಕೆಲಸ ಕಣ್ಣೆದುರಿಗೇ ಇರುತ್ತದೆ. ತುಕ್ಕು ಹಿಡಿದ ಯು-ಬೋಲ್ಟನ್ನು ಕತ್ತರಿಸಿ ತೆಗೆಯಬೇಕು. ಒಮ್ಮೆ ಬಿಗಿದು ಹಿಗ್ಗಿದ ಯು-ಬೋಲ್ಟನ್ನು ಮತ್ತೆ ಬಳಸಬಾರದು. ಎರಡು ತುದಿಯ ಕಣ್ಣುಗಳ ನಡುವಿನ ಅಂತರ, ಪ್ಲೇಟಿನ ಅಗಲ, ದಪ್ಪ, ಸಂಖ್ಯೆ ಅಳೆದುಕೊಂಡರೆ ಹೊಸ ಸ್ಪ್ರಿಂಗು ಬೇರೆ ತಯಾರಕನದಾದರೂ ಹೊಂದುತ್ತದೆ. ಒಂದು ಬದಿ ಮುರಿದರೂ ಎರಡೂ ಬದಿ ಬದಲಿಸಬೇಕು. ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ವಾಲುತ್ತದೆ. ಮುಂದಿನ ಕೊಂಡಿಯಿಂದ ಆಕ್ಸಲ್‌ನ ಎರಡೂ ತುದಿಗಳಿಗೆ ಇರುವ ದೂರ ಸಮವಾಗಿರಬೇಕು. ಒಂದಿಷ್ಟು ದೂರ ಓಡಿಸಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಟಾರ್ಶನ್ ಆಕ್ಸಲ್‌ನಲ್ಲಿ ರಬ್ಬರ್ ಸೋತರೆ ಹೀಗೆ ಬಿಡಿಭಾಗ ಬದಲಿಸಲಾಗದು. ಕಾರ್ಖಾನೆಯಲ್ಲಿ ಒತ್ತಿ ತುಂಬಿದ ರಬ್ಬರನ್ನು ಅಂಗಳದಲ್ಲಿ ಹೊರತೆಗೆಯಲಾಗದು. ಸಾಮಾನ್ಯವಾಗಿ ಇಡೀ ಆಕ್ಸಲನ್ನೇ ಎಸೆಯಬೇಕು.

ಟಾರ್ಶನ್ ಆಕ್ಸಲ್ ಹೆಚ್ಚು ಕಾಲ ಬಾಳುತ್ತದಲ್ಲ ಎಂಬ ಆಕ್ಷೇಪ ಸರಿಯೇ. ಸಿಹಿನೀರಿನ ಕೆರೆ, ಉದ್ದದ ಹೆದ್ದಾರಿ ಓಟ ಇರುವವರಿಗೆ ಅದೇ ಒಳ್ಳೆಯ ಆಯ್ಕೆ ಇರಬಹುದು. ಆದರೆ ಅದರ ಸವೆತ ಕೊಳವೆಯೊಳಗೆ ಅಡಗಿರುತ್ತದೆ. ಚೌಕಟ್ಟು ಕೆಳಗೆ ಕುಸಿದು ಟೈರು ಮಡ್‌ಗಾರ್ಡಿಗೆ ಹತ್ತಿರವಾದಾಗ, ಚಕ್ರ ವಾಲಿ ಟೈರಿನ ಒಂದಂಚು ಮಾತ್ರ ಸವೆದಾಗಲಷ್ಟೇ ಅದು ಹೊರಗೆ ಕಾಣುತ್ತದೆ. ಕೊಳವೆ ಒಳಗಿನಿಂದ ತುಕ್ಕು ಹಿಡಿದರಂತೂ ಗೊತ್ತಾಗುವುದು ಇನ್ನೂ ತಡ. ಕಮಾನು ಪಟ್ಟಿಯೂ ಹೇಳದೆ ಮುರಿಯುವುದಿಲ್ಲವೇ ಎಂದು ಕೇಳಬಹುದು. ಮುರಿಯುತ್ತದೆ, ಮುಖ್ಯ ಪ್ಲೇಟು ತುಂಡಾದರೆ ಆಕ್ಸಲ್ ಹಿಂದಕ್ಕೆ ಸರಿದು ಅಪಾಯವೂ ಆಗುತ್ತದೆ. ಆದರೆ ಅದಕ್ಕೆ ಮೊದಲು ಪ್ಲೇಟುಗಳ ಬಿರುಕು, ಉಬ್ಬಿದ ತುಕ್ಕು, ಚಪ್ಪಟೆಯಾದ ಕಮಾನು ಬಗ್ಗಿ ನೋಡಿದವರಿಗೆ ಬಹುಮಟ್ಟಿಗೆ ಕಾಣುತ್ತವೆ. ಸಿಹಿನೀರಿನಲ್ಲಿ ತೊಳೆದರೆ ಸಾಲದೇ ಎಂಬ ಮಾತೂ ಇದೆ. ತೊಳೆಯಲೇಬೇಕು. ಅದರಿಂದ ತುಕ್ಕು ನಿಧಾನವಾಗುತ್ತದೆ, ಆದರೆ ಬಿಗಿದ ಪ್ಲೇಟುಗಳ ಸಂದಿನ ಉಪ್ಪೆಲ್ಲ ಹೋಗುವುದಿಲ್ಲ.

ಹೀಗಿರುವಾಗ ಉಪ್ಪುನೀರಿನ ಟ್ರೇಲರ್‌ನಲ್ಲಿ ಸಸ್ಪೆನ್ಶನ್ ಸವೆಯದಂತೆ ಮಾಡುತ್ತೇವೆ ಎಂಬ ಭರವಸೆಗೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಸವೆತ ಖಚಿತ ಎಂದು ಒಪ್ಪಿಕೊಂಡರೆ ಕೇಳಬೇಕಾದ ಪ್ರಶ್ನೆಗಳು ಬದಲಾಗುತ್ತವೆ: ಸವೆದದ್ದು ಕಾಣುತ್ತದೆಯೇ, ಆ ಭಾಗವನ್ನಷ್ಟೇ ಬಿಚ್ಚಬಹುದೇ, ಅದು ಯಾವ ಅಂಗಡಿಯಲ್ಲೂ ಸಿಗುತ್ತದೆಯೇ? ಸಾರೋಟಿನ ಕಾಲದ ಪಟ್ಟಿ ಇನ್ನೂ ಮಾರುಕಟ್ಟೆಯಲ್ಲಿ ಉಳಿದಿರುವುದಕ್ಕೆ ಅದರ ಕಡಿಮೆ ಬೆಲೆಯಷ್ಟೇ ಕಾರಣವಲ್ಲ. ಈ ಮೂರಕ್ಕೂ ಅದು ಹೌದು ಎನ್ನುತ್ತದೆ. ಟಾರ್ಶನ್ ತಯಾರಕರು ಇದಕ್ಕೆ ಸಮನಾಗಬೇಕಾದರೆ, ಖಾಲಿ ಇರುವಾಗ ತೋಳಿನ ಕೋನ ಎಷ್ಟಿರಬೇಕು, ಎಷ್ಟಕ್ಕೆ ಕುಸಿದರೆ ಆಕ್ಸಲ್ ಬದಲಿಸಬೇಕು ಎಂಬುದನ್ನು ಗಾಡಿಯ ಮೇಲೇ ಅಚ್ಚೊತ್ತಿ, ಬದಿಬದಿಗೆ ಬಿಚ್ಚಬಹುದಾದ ಘಟಕಗಳನ್ನು ಮಾರಲಿ.