ಸಣ್ಣ ಉದ್ಯಮಕ್ಕೆ ಇ-ಮೇಲ್ ವಾರ್ತಾಪತ್ರ

ಸಣ್ಣ ಉದ್ಯಮವೊಂದರ ನಿಜವಾದ ಬಂಡವಾಳವೆಂದರೆ ಅದರ ವಾಡಿಕೆಯ ಗ್ರಾಹಕರು. ತಲೆಮಾರುಗಳಿಂದ ಒಂದೇ ಅಂಗಡಿಗೆ ಬರುತ್ತಿದ್ದ ಮನೆಯವರು ದೂರದ ಬಡಾವಣೆಗೋ ಪರದೇಶಕ್ಕೋ ಹೋಗಿ ನೆಲೆಸಿದಾಗ, ಆ ಸಂಬಂಧ ಸದ್ದಿಲ್ಲದೆ ಕಡಿದುಹೋಗುತ್ತದೆ. ಅಂಗಡಿಯವರಿಗೆ ಅವರ ಮುಖಪರಿಚಯವಿರುತ್ತದೆ. ವಿಳಾಸ ಮಾತ್ರ ತಿಳಿದಿರುವುದಿಲ್ಲ. ದೊಡ್ಡ ಸಂಸ್ಥೆಗಳು ಜಾಹೀರಾತಿಗೆ ಅಪಾರ ಹಣ ವ್ಯಯಿಸಿ ಹೊಸ ಗ್ರಾಹಕರನ್ನು ಸೆಳೆಯಬಲ್ಲವು. ಸಣ್ಣ ವ್ಯಾಪಾರಿಗೆ ಆ ಶಕ್ತಿಯಿಲ್ಲ. ಆನ್‌ಲೈನ್ ಮಾರಾಟ ಜಾಲಗಳ ಮೂಲಕ ಸರಕು ಮಾರಾಟವಾಗಬಹುದು. ಆದರೆ ಗ್ರಾಹಕರ ಪರಿಚಯವು ಬಹುಮಟ್ಟಿಗೆ ಆ ಜಾಲದ ಬಳಿಯೇ ಉಳಿದುಬಿಡುತ್ತದೆ. ಈ ಕೊರತೆಯನ್ನು ಅಲ್ಪವೆಚ್ಚದಲ್ಲಿ ನೀಗಿಸಿಕೊಳ್ಳಲು ಇರುವ ಸಾಧನಗಳಲ್ಲಿ ಇ-ಮೇಲ್ ವಾರ್ತಾಪತ್ರವೂ ಒಂದು. ಅದರ ಸ್ವರೂಪ, ಉಪಯೋಗ ಹಾಗೂ ಪಾಲಿಸಬೇಕಾದ ನಿಯಮಗಳನ್ನು ಇಲ್ಲಿ ವಿವರಿಸಲಾಗಿದೆ.

ಮೈಲಾಪೂರಿನ ನಿದರ್ಶನ

ಚೆನ್ನೈ ನಗರದ ಮೈಲಾಪೂರ್ ಹಳೆಯ ವ್ಯಾಪಾರ ಕೇಂದ್ರಗಳಲ್ಲೊಂದು. ಕಪಾಲೀಶ್ವರ ದೇವಾಲಯದ ಸುತ್ತಲಿನ ನಾಲ್ಕು ಮಾಡ ಬೀದಿಗಳಲ್ಲಿ ಹೂವು, ಪೂಜಾಸಾಮಗ್ರಿ, ಪಾತ್ರೆ, ಬಟ್ಟೆ, ಆಭರಣಗಳ ಅಂಗಡಿಗಳಿವೆ. 1872ರಲ್ಲಿ ಸ್ಥಾಪಿತವಾದ ಮೈಲಾಪೂರ್ ಹಿಂದೂ ಪರ್ಮನೆಂಟ್ ಫಂಡ್‌ನಂತಹ ಉಳಿತಾಯ ಸಂಸ್ಥೆಯೂ ಈ ಪ್ರದೇಶದಲ್ಲಿಯೇ ಬೆಳೆದುಬಂದಿತು. ನಿಯತಕಾಲಿಕ ಪತ್ರಿಕೆಗೂ ವ್ಯಾಪಾರಕ್ಕೂ ಇರುವ ನಂಟನ್ನು ತಿಳಿಯಲು ಇಲ್ಲಿಯ ಎರಡು ಉದಾಹರಣೆಗಳನ್ನು ನೋಡಬಹುದು.

ಮೊದಲನೆಯದು ಅಮೃತಾಂಜನದ ಕಥೆ. ಕಾಶೀನಾಥುನಿ ನಾಗೇಶ್ವರರಾವ್ ಅವರು 1893ರಲ್ಲಿ ಮುಂಬಯಿಯಲ್ಲಿ ಈ ನೋವುನಿವಾರಕ ಲೇಪದ ತಯಾರಿಕೆಯನ್ನು ಆರಂಭಿಸಿದರು. ಸಂಗೀತ ಸಭೆಗಳಲ್ಲಿ ಅದನ್ನು ಉಚಿತವಾಗಿ ಹಂಚಿ ಜನರಿಗೆ ಪರಿಚಯಿಸಿದರು. 1908ರಲ್ಲಿ 'ಆಂಧ್ರ ಪತ್ರಿಕಾ' ಎಂಬ ತೆಲುಗು ವಾರಪತ್ರಿಕೆಯನ್ನು ಹೊರಡಿಸಿದರು. 1914ರಲ್ಲಿ ಮದರಾಸಿನಿಂದ ಅದು ದಿನಪತ್ರಿಕೆಯಾಗಿ ಪ್ರಕಟವಾಗತೊಡಗಿತು. ಲೇಪದ ಆದಾಯ ಪತ್ರಿಕೆಗೆ ಆಧಾರವಾಯಿತು. ಪತ್ರಿಕೆಯು ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಮೈಲಾಪೂರಿನ ಲಜ್ ಚರ್ಚ್ ರಸ್ತೆಯಲ್ಲಿರುವ ನಾಗೇಶ್ವರರಾವ್ ಉದ್ಯಾನ ಇಂದಿಗೂ ಅವರ ಹೆಸರನ್ನು ಹೊತ್ತಿದೆ. ಓದುಗನಿಗೆ ಮೊದಲು ಉಪಕಾರವಾಗಬೇಕು, ಮಾರಾಟ ಅದರ ಹಿಂದೆ ಬರಬೇಕು ಎಂಬ ಪಾಠ ಇದರಲ್ಲಿದೆ.

ಎರಡನೆಯದು 1994ರಲ್ಲಿ ಆರಂಭವಾದ 'ಮೈಲಾಪೂರ್ ಟೈಮ್ಸ್' ಎಂಬ ಬಡಾವಣೆಯ ವಾರಪತ್ರಿಕೆ. ನೆರೆಹೊರೆಯ ಮನೆಗಳಿಗೆ ಉಚಿತವಾಗಿ ತಲುಪುವ ಈ ಬಗೆಯ ಪತ್ರಿಕೆಗಳಿಗೆ ಸ್ಥಳೀಯ ಜಾಹೀರಾತುಗಳೇ ಆಧಾರ. ಇಡೀ ನಗರದ ಓದುಗರಿಗಾಗಿ ಹಣ ತೆರಲಾರದ ಅಂಗಡಿಯವನಿಗೆ ತನ್ನ ಬೀದಿಯ ಓದುಗರು ಸಾಕು. ಬೀದಿಯ ನೀರಿನ ಸಮಸ್ಯೆ, ದೇವಾಲಯದ ಉತ್ಸವ, ಸಭೆಯ ಕಛೇರಿ ಮೊದಲಾದ ಸುದ್ದಿಗಳಿಗಾಗಿ ಪತ್ರಿಕೆಯನ್ನು ಓದುವವರು ಪಕ್ಕದ ಜಾಹೀರಾತನ್ನೂ ನೋಡುತ್ತಾರೆ. ಇ-ಮೇಲ್ ವಾರ್ತಾಪತ್ರವು ಇದೇ ತತ್ತ್ವವನ್ನು ಒಂದೊಂದು ಅಂಗಡಿಯ ಅಳತೆಗೆ ಇಳಿಸುತ್ತದೆ.

ವಾರ್ತಾಪತ್ರವೆಂದರೇನು?

ತಮ್ಮ ಒಪ್ಪಿಗೆಯನ್ನು ಮುಂಚಿತವಾಗಿ ನೀಡಿದ ಗ್ರಾಹಕರಿಗೆ ನಿಯತ ಅವಧಿಯಲ್ಲಿ ಇ-ಮೇಲ್ ಮೂಲಕ ಕಳುಹಿಸುವ ಸುದ್ದಿಯ ಪತ್ರವೇ ಇ-ಮೇಲ್ ವಾರ್ತಾಪತ್ರ. ಗಣಕಯಂತ್ರಗಳ ಜಾಲದ ಮೂಲಕ ಮೊದಲ ಇ-ಮೇಲನ್ನು 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಕಳುಹಿಸಿದರು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಆರಂಭಿಸಿದಾಗ, ಸೇವೆ ದೊರೆತ ಮೊದಲ ನಗರಗಳಲ್ಲಿ ಅಂದಿನ ಮದರಾಸೂ ಸೇರಿತ್ತು.

ಮುದ್ರಿತ ಪತ್ರಕ್ಕೆ ಕಾಗದ, ಅಚ್ಚು, ಅಂಚೆ ಇವುಗಳ ವೆಚ್ಚ ಪ್ರತಿಯೊಂದು ಪ್ರತಿಗೂ ತಗಲುತ್ತದೆ. ಇ-ಮೇಲ್‌ನಲ್ಲಿ ನೂರು ಜನರಿಗೆ ಕಳುಹಿಸುವುದಕ್ಕೂ ಐನೂರು ಜನರಿಗೆ ಕಳುಹಿಸುವುದಕ್ಕೂ ವೆಚ್ಚದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಈ ಅಗ್ಗದ ಗುಣವೇ ಅದರ ದುರುಪಯೋಗಕ್ಕೂ ಕಾರಣವಾಗಿದೆ. 1978ರ ಮೇ ತಿಂಗಳಲ್ಲಿ ಅಮೆರಿಕದ ಗಣಕಯಂತ್ರ ಕಂಪನಿಯೊಂದರ ಮಾರಾಟಾಧಿಕಾರಿ, ಕೇಳದೆಯೇ ಸುಮಾರು 400 ಜನರಿಗೆ ಒಂದೇ ಜಾಹೀರಾತನ್ನು ರವಾನಿಸಿ ಪ್ರತಿಭಟನೆಗೆ ಗುರಿಯಾದರು. ಇಂದು 'ಸ್ಪ್ಯಾಮ್' ಎಂದು ಕರೆಯಲಾಗುವ ಅನಪೇಕ್ಷಿತ ಪತ್ರಗಳ ಮೊದಲ ನಿದರ್ಶನ ಅದೆಂದು ಪರಿಗಣಿಸಲಾಗಿದೆ.

ಒಪ್ಪಿಗೆಯೇ ಅಡಿಪಾಯ

ವಾರ್ತಾಪತ್ರಕ್ಕೆ ಮೊದಲು ಬೇಕಾದುದು ವಿಳಾಸಗಳ ಪಟ್ಟಿ. ಹಣ ಕೊಟ್ಟು ಕೊಂಡ ಪಟ್ಟಿಯಿಂದ ಪ್ರಯೋಜನಕ್ಕಿಂತ ಹಾನಿಯೇ ಹೆಚ್ಚು. ಪರಿಚಯವಿಲ್ಲದ ಅಂಗಡಿಯ ಪತ್ರವನ್ನು ಯಾರೂ ಆದರದಿಂದ ತೆರೆಯುವುದಿಲ್ಲ. ಅಂಗಡಿಯ ಮುಂಗಟ್ಟೆಯ ಮೇಲೆ ಒಂದು ಪುಸ್ತಕವನ್ನಿಟ್ಟು, ಪತ್ರದಲ್ಲಿ ಏನಿರುತ್ತದೆ, ಎಷ್ಟು ದಿನಗಳಿಗೊಮ್ಮೆ ಬರುತ್ತದೆ ಎಂಬುದನ್ನು ಮೇಲ್ಭಾಗದಲ್ಲಿ ಬರೆದು, ಇಚ್ಛೆಯುಳ್ಳವರಿಂದ ಹೆಸರು ಮತ್ತು ಇ-ಮೇಲ್ ವಿಳಾಸವನ್ನು ಪಡೆಯುವುದು ಉತ್ತಮ ವಿಧಾನ. ರಸೀದಿ ಬರೆಯುವಾಗ ಪಡೆದ ವಿಳಾಸವನ್ನು ಗ್ರಾಹಕರನ್ನು ಕೇಳದೆ ಈ ಪಟ್ಟಿಗೆ ಸೇರಿಸಬಾರದು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023 ಇದೇ ಆಶಯವನ್ನು ಶಾಸನದ ರೂಪದಲ್ಲಿ ಹೇಳುತ್ತದೆ. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಒಪ್ಪಿಗೆಯ ವಿಷಯದಲ್ಲಿ ಉದ್ಯಮಿಗಳು ಮುಖ್ಯವಾಗಿ ಗಮನಿಸಬೇಕಾದ ಅಂಶಗಳು ಹೀಗಿವೆ:

1. ಒಪ್ಪಿಗೆಯು ಸ್ವತಂತ್ರವಾಗಿಯೂ ನಿರ್ದಿಷ್ಟವಾಗಿಯೂ ಇರಬೇಕು. ವಿಷಯವನ್ನು ತಿಳಿದು ನೀಡಿದ್ದಾಗಿರಬೇಕು.

2. ಯಾವ ಮಾಹಿತಿಯನ್ನು, ಯಾವ ಉದ್ದೇಶಕ್ಕಾಗಿ ಪಡೆಯಲಾಗುತ್ತಿದೆ ಎಂಬುದನ್ನು ಸರಳ ಮಾತಿನಲ್ಲಿ ತಿಳಿಸಬೇಕು. ಈ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಪಡೆಯುವ ಅವಕಾಶ ಗ್ರಾಹಕರಿಗಿದೆ. ಕನ್ನಡ, ತಮಿಳು ಎರಡೂ ಆ ಅನುಸೂಚಿಯಲ್ಲಿವೆ.

3. ಒಪ್ಪಿಗೆಯನ್ನು ನೀಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು.

ಆದ್ದರಿಂದ ಪ್ರತಿಯೊಂದು ಪತ್ರದ ಕೊನೆಯಲ್ಲಿಯೂ 'ಈ ಪತ್ರ ಬೇಡವಾದಲ್ಲಿ ಇಲ್ಲಿ ಒತ್ತಿರಿ' ಎಂಬ ಸೂಚನೆ ಇರತಕ್ಕದ್ದು. ಬೇಡವೆಂದವರ ಹೆಸರನ್ನು ತಡಮಾಡದೆ ತೆಗೆದುಹಾಕಬೇಕು. ಅಂತಹವರು ಪತ್ರವನ್ನು ಬೇಡವೆಂದಿರಬಹುದು, ಅಂಗಡಿಯನ್ನಲ್ಲ. ಸೌಜನ್ಯದಿಂದ ನಡೆದುಕೊಂಡರೆ ಅವರು ಮುಂದೆಯೂ ಗ್ರಾಹಕರಾಗಿಯೇ ಉಳಿಯುತ್ತಾರೆ.

ಏನನ್ನು ಬರೆಯಬೇಕು?

ವಾರ್ತಾಪತ್ರವು ಬೆಲೆಪಟ್ಟಿಯಾಗಬಾರದು. ವ್ಯಾಪಾರಿಗೆ ತನ್ನ ಸರಕಿನ ಬಗ್ಗೆ ಇರುವ ತಿಳಿವಳಿಕೆ ಗ್ರಾಹಕರಿಗೆ ಇರುವುದಿಲ್ಲ. ಅದನ್ನು ಹಂಚಿಕೊಳ್ಳುವುದೇ ಪತ್ರದ ತಿರುಳು. ಮೈಲಾಪೂರಿನ ಉತ್ತರ ಮಾಡ ಬೀದಿಯಲ್ಲಿ ನವರಾತ್ರಿಗೆ ಮುನ್ನ ಗೊಂಬೆಗಳ ಮಾರಾಟ ನಡೆಯುತ್ತದೆ. ಮೈಸೂರು ಸೀಮೆಯಲ್ಲಿ ದಸರಾ ಗೊಂಬೆಗಳೆಂದು ಪ್ರಸಿದ್ಧವಾದುದೇ ಅಲ್ಲಿ 'ಕೊಲು' ಎನಿಸಿಕೊಳ್ಳುತ್ತದೆ. ಅಲ್ಲಿಯ ಗೊಂಬೆ ಮಾರುವವರೊಬ್ಬರು ಪತ್ರ ಬರೆಯುವುದಾದರೆ, ಈ ವರ್ಷ ಯಾವ ಗೊಂಬೆಗಳ ಜೋಡಣೆ ಬಂದಿದೆ, ಮಣ್ಣಿನ ಗೊಂಬೆಯನ್ನು ಕಾಗದದ ತಿರುಳಿನ ಗೊಂಬೆಯಿಂದ ಗುರುತಿಸುವುದು ಹೇಗೆ, ಹಳೆಯ ಗೊಂಬೆಯ ಬಣ್ಣ ಮಾಸಿದರೆ ಏನು ಮಾಡಬೇಕು, ಹಬ್ಬ ಮುಗಿದ ಮೇಲೆ ಅವುಗಳನ್ನು ಸುತ್ತಿಡುವ ಬಗೆ ಯಾವುದು ಎಂಬ ವಿಷಯಗಳನ್ನು ತಿಳಿಸಬಹುದು. ಇಂತಹ ಪತ್ರವನ್ನು ಗ್ರಾಹಕರು ಕಾಪಾಡಿಕೊಂಡು ಇತರರಿಗೂ ತೋರಿಸುತ್ತಾರೆ.

ಪತ್ರವು ಋತುಮಾನವನ್ನು ಅನುಸರಿಸಬೇಕು. ನವರಾತ್ರಿಯ ಪತ್ರ ಹಬ್ಬದ ಹಿಂದಿನ ದಿನ ಬಂದರೆ ನಿರುಪಯುಕ್ತ. ಮೂರು ವಾರ ಮೊದಲು ತಲುಪಿದರೆ ಗ್ರಾಹಕರು ಯೋಚಿಸಿ ತೀರ್ಮಾನಿಸಬಹುದು. ದೀಪಾವಳಿಗೆ ಬೇಕಾಗುವ ಲೇಹ್ಯದ ವಿಷಯವನ್ನು ಗ್ರಂಥಿಗೆ ಅಂಗಡಿಯವರು ಹಬ್ಬಕ್ಕೆ ಮೊದಲೇ ತಿಳಿಸಬೇಕು. ಮಾರ್ಗಶಿರ–ಧನುರ್ಮಾಸದ ಸಂಗೀತೋತ್ಸವಕ್ಕಾಗಿ ಪರದೇಶಗಳಿಂದ ಡಿಸೆಂಬರ್‌ನಲ್ಲಿ ಚೆನ್ನೈಗೆ ಬರುವವರಿಗೆ ನವೆಂಬರ್ ತಿಂಗಳಲ್ಲಿಯೇ ಪತ್ರ ಹೋಗಬೇಕು. ಬೆಂಗಳೂರಿನ ಗಾಂಧಿ ಬಜಾರಿನಲ್ಲಿಯೋ ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿಯೋ ವ್ಯಾಪಾರ ಮಾಡುವವರು ಯುಗಾದಿ, ವರಮಹಾಲಕ್ಷ್ಮಿ, ಗೌರಿ–ಗಣೇಶ, ಸಂಕ್ರಾಂತಿಗಳಿಗೆ ತಕ್ಕಂತೆ ಇಂತಹದೇ ವಾರ್ಷಿಕ ಪಟ್ಟಿಯನ್ನು ಸಿದ್ಧಪಡಿಸಿಕೊಳ್ಳಬಹುದು.

ತಿಂಗಳಿಗೊಂದು ಪತ್ರ ಸಾಕು. ಒಂದು ಪತ್ರದಲ್ಲಿ ಒಂದು ಮುಖ್ಯ ವಿಷಯ, ಒಂದು ಚಿತ್ರ, ಅಂಗಡಿಯ ವೇಳೆ ಮತ್ತು ದೂರವಾಣಿ ಸಂಖ್ಯೆ ಇದ್ದರೆ ಆಯಿತು. ಗ್ರಾಹಕರ ಭಾಷೆಯಲ್ಲಿಯೇ ಬರೆಯುವುದು ಲೇಸು.

ಕಳುಹಿಸುವ ಬಗೆ

ಎಲ್ಲರ ವಿಳಾಸಗಳನ್ನೂ 'ಟು' ಎಂಬ ಅಂಕಣದಲ್ಲಿ ತುಂಬಿ ಕಳುಹಿಸುವುದು ಸಾಮಾನ್ಯವಾಗಿ ಕಂಡುಬರುವ ಪ್ರಮಾದ. ಇದರಿಂದ ಒಬ್ಬ ಗ್ರಾಹಕರ ವಿಳಾಸ ಉಳಿದವರಿಗೆಲ್ಲ ಬಹಿರಂಗವಾಗುತ್ತದೆ. ಹತ್ತಿಪ್ಪತ್ತು ಜನರಿದ್ದಾಗ 'ಬಿಸಿಸಿ' ಅಂಕಣವನ್ನು ಬಳಸಿದರೆ ವಿಳಾಸಗಳು ಗೋಪ್ಯವಾಗಿರುತ್ತವೆ. ಪಟ್ಟಿ ಬೆಳೆದ ಮೇಲೆ ಇದಕ್ಕೆಂದೇ ಇರುವ ರವಾನೆ ಸೇವೆಗಳನ್ನು ಬಳಸುವುದು ಕ್ಷೇಮ. ಪಟ್ಟಿಯಿಂದ ಹೆಸರು ತೆಗೆಯುವ ಏರ್ಪಾಡನ್ನು ಆ ಸೇವೆಗಳೇ ನೋಡಿಕೊಳ್ಳುತ್ತವೆ. ಪಟ್ಟಿಯ ಒಂದು ಪ್ರತಿಯನ್ನು ಮಾತ್ರ ವ್ಯಾಪಾರಿಯು ತನ್ನ ಬಳಿ ಭದ್ರವಾಗಿ ಇಟ್ಟುಕೊಂಡಿರಬೇಕು. ಸೇವೆಯನ್ನು ಬದಲಿಸಿದರೂ ಗ್ರಾಹಕರ ಸಂಪರ್ಕ ತಪ್ಪುವುದಿಲ್ಲ.

2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಸೇವೆಗಳು ಕಳುಹಿಸುವವರ ವಿಷಯದಲ್ಲಿ ನಿಯಮಗಳನ್ನು ಬಿಗಿಗೊಳಿಸಿವೆ. ಪತ್ರವು ನಿಜವಾಗಿಯೂ ಆ ವಿಳಾಸದಿಂದಲೇ ಬಂದಿದೆ ಎಂಬುದಕ್ಕೆ ತಾಂತ್ರಿಕ ದೃಢೀಕರಣ ಇರಬೇಕು. ಅಧಿಕ ಸಂಖ್ಯೆಯಲ್ಲಿ ಜಾಹೀರಾತು ಪತ್ರ ಕಳುಹಿಸುವವರು, ಒಮ್ಮೆ ಒತ್ತಿದರೆ ಹೆಸರು ತೆಗೆಯುವ ಸೌಲಭ್ಯವನ್ನು ಒದಗಿಸಬೇಕು. 'ಸ್ಪ್ಯಾಮ್' ಎಂಬ ದೂರುಗಳು ಸಾವಿರಕ್ಕೆ ಮೂರನ್ನು ಮುಟ್ಟಿದರೆ ಪತ್ರಗಳು ತಲುಪದೇ ಹೋಗುವ ಸಂಭವವಿದೆ. ಅಪರಿಚಿತರ ಪಟ್ಟಿಯನ್ನು ಕೊಂಡವರಿಗೆ ಎದುರಾಗುವ ಅಪಾಯ ಇದೇ.

ಫಲವನ್ನು ಅಳೆಯುವುದು

ಎಷ್ಟು ಜನ ಪತ್ರವನ್ನು ತೆರೆದರು ಎಂಬ ಲೆಕ್ಕವನ್ನು ರವಾನೆ ಸೇವೆಗಳು ನೀಡುತ್ತವೆ. ಆದರೆ 2021ರಲ್ಲಿ ಆಪಲ್ ಕಂಪನಿಯು ತನ್ನ ಮೇಲ್ ಬಳಕೆದಾರರ ಗೋಪ್ಯತೆಗಾಗಿ ತಂದ ಮಾರ್ಪಾಡಿನ ನಂತರ ಈ ಲೆಕ್ಕವನ್ನು ಪೂರ್ಣವಾಗಿ ನಂಬುವಂತಿಲ್ಲ. ಎಷ್ಟು ಜನ ಮರುಪತ್ರ ಬರೆದರು, ಎಷ್ಟು ಜನ ಅಂಗಡಿಗೆ ಬಂದು ಪತ್ರದ ವಿಷಯವನ್ನು ಪ್ರಸ್ತಾಪಿಸಿದರು, ಪತ್ರದಲ್ಲಿ ಹೇಳಿದ ಸರಕಿಗೆ ಎಷ್ಟು ಬೇಡಿಕೆ ಬಂದಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದೇ ನೆಚ್ಚಬಹುದಾದ ಅಳತೆ. ಒಂದೆರಡು ಪತ್ರಗಳಿಂದ ತೀರ್ಮಾನಕ್ಕೆ ಬರಬಾರದು. ಒಂದು ವರ್ಷದ ಹಬ್ಬಗಳ ಸುತ್ತು ಮುಗಿಯುವವರೆಗಾದರೂ ನಡೆಸಿ ನೋಡಬೇಕು.

ಈ ಸಾಧನಕ್ಕೆ ಮಿತಿಗಳೂ ಉಂಟು. ಪ್ರತಿದಿನ ಹಾಲು, ತರಕಾರಿ ಕೊಳ್ಳುವವರಿಗೆ ಪತ್ರದ ಅಗತ್ಯವಿಲ್ಲ. ಇ-ಮೇಲ್ ನೋಡುವ ಅಭ್ಯಾಸವಿಲ್ಲದ ಗ್ರಾಹಕರಿಗೆ ದೂರವಾಣಿ ಕರೆಯೇ ಹೆಚ್ಚು ಹತ್ತಿರ. ಸರಕು ಕಳಪೆಯಾಗಿದ್ದರೆ ಎಷ್ಟು ಸೊಗಸಾದ ಪತ್ರವೂ ಅದನ್ನು ಮುಚ್ಚಿಡಲಾರದು. ಆದರೆ ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ಬರುವ, ದೂರದಲ್ಲಿ ನೆಲೆಸಿರುವ, ಆಯ್ದು ಕೊಳ್ಳುವ ಗ್ರಾಹಕರನ್ನು ಉಳ್ಳ ಉದ್ಯಮಗಳಿಗೆ ಇದರಿಂದ ಹೆಚ್ಚಿನ ನೆರವು ದೊರೆಯುತ್ತದೆ. ಗೊಂಬೆ, ಕೈಮಗ್ಗದ ಸೀರೆ, ಪುಸ್ತಕ, ವಾದ್ಯ, ಉಪ್ಪಿನಕಾಯಿ, ಆಯುರ್ವೇದದ ಸಾಮಗ್ರಿ ಮುಂತಾದವುಗಳ ವ್ಯಾಪಾರಿಗಳು ಈ ವರ್ಗಕ್ಕೆ ಸೇರುತ್ತಾರೆ. ಇಂತಹವರು ಮೊದಲು ಐವತ್ತು ಮಂದಿಯ ಒಪ್ಪಿಗೆ ಪಡೆದು, ಬರಲಿರುವ ಹಬ್ಬಕ್ಕೆ ಒಂದು ತಿಂಗಳಿರುವಾಗ ಮೊದಲ ಪತ್ರವನ್ನು ಕಳುಹಿಸಿ ಈ ಕಾರ್ಯವನ್ನು ಆರಂಭಿಸಬಹುದು.