ಬಿಸಿ ಆರುವುದರೊಳಗೆ ರಸ್ತೆ

ರಸ್ತೆಗೆ ಹಾಸುವ ಒಂದು ಟನ್ ಕಪ್ಪು ಮಿಶ್ರಣದಲ್ಲಿ ಡಾಂಬರು ಇರುವುದು ಸುಮಾರು 50 ಕಿಲೊ. ಮಿಕ್ಕಿದ್ದೆಲ್ಲ ಕಲ್ಲು: ದಪ್ಪ ಜಲ್ಲಿ, ಸಣ್ಣ ಜಲ್ಲಿ, ಜಲ್ಲಿಪುಡಿ, ಹಿಟ್ಟಿನಂಥ ಕಲ್ಲಿನ ದೂಳು. ಲಾರಿ, ಬಸ್ಸುಗಳ ಭಾರ ಹೊರುವುದು ಆ ಕಲ್ಲುಗಳೇ. ಅವು ಚದುರದಂತೆ ಹಿಡಿದುಕೊಳ್ಳುವುದು, ಸಂದುಗಳಲ್ಲಿ ನೀರು ಇಳಿಯದಂತೆ ನೋಡಿಕೊಳ್ಳುವುದು ಡಾಂಬರಿನ ಪಾಲಿನ ಕೆಲಸ. ಆದರೂ ರಸ್ತೆ ಕಿತ್ತುಬಂದ ಕೂಡಲೇ ‘ಡಾಂಬರೇ ಹಾಕಿಲ್ಲ ಬಿಡಿ’ ಎಂದು ಬಯ್ಯುತ್ತೇವೆ. ಕೆಲವು ಸಲ ಅದು ನಿಜವೂ ಹೌದು. ಬಹಳಷ್ಟು ಸಲ ಕೆಟ್ಟಿರುವುದು ಡಾಂಬರಿನ ಪ್ರಮಾಣವಲ್ಲ, ಅದರ ಬಿಸಿ. ಇಲ್ಲವೇ ಪಕ್ಕದ ಚರಂಡಿ.

ಹಿಂದೆ ಕಲ್ಲಿದ್ದಲಿನಿಂದ ಬರುತ್ತಿದ್ದ ಟಾರನ್ನು ರಸ್ತೆಗೆ ಬಳಸುತ್ತಿದ್ದರು. ಈಗ ಬಳಸುವುದು ಕಚ್ಚಾ ತೈಲದ ಬಿಟುಮೆನ್. ನಮ್ಮ ಬಾಯಲ್ಲಿ ಅದೂ ಡಾಂಬರೇ. ತೈಲ ಶುದ್ಧೀಕರಣ ಘಟಕದಲ್ಲಿ ಕಚ್ಚಾ ತೈಲವನ್ನು ಕಾಯಿಸಿದಾಗ ಅನಿಲ, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್‌ಗಳು ಆವಿಯಾಗಿ ಬೇರ್ಪಡುತ್ತವೆ. ತಳದಲ್ಲಿ ಉಳಿದದ್ದನ್ನು ಒತ್ತಡ ತಗ್ಗಿಸಿದ ಇನ್ನೊಂದು ಗೋಪುರಕ್ಕೆ ಹಾಯಿಸಿ ಮತ್ತಷ್ಟು ಎಣ್ಣೆ ತೆಗೆಯುತ್ತಾರೆ. ಅಲ್ಲಿಯೂ ಆವಿಯಾಗದೆ ಉಳಿಯುವ ಗಷ್ಟು ಇದು. ಮಂಗಳೂರಿನ ಎಂಆರ್‌ಪಿಎಲ್ ಇದನ್ನು ತಯಾರಿಸುತ್ತದೆ. ಶಾಖ ಸೋರದಂತೆ ಹೊದಿಕೆ ಹಾಕಿದ ಟ್ಯಾಂಕರ್‌ಗಳಲ್ಲಿ ಬಿಸಿಬಿಸಿಯಾಗಿಯೇ ಇದು ಘಾಟಿ ಹತ್ತುತ್ತದೆ. ನಮ್ಮ ಹೆದ್ದಾರಿಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ವಿಜಿ-30 ದರ್ಜೆ. ತೀರಾ ಭಾರದ ವಾಹನಗಳ ಓಡಾಟವಿರುವ ಕಡೆ ಅದಕ್ಕಿಂತ ಗಟ್ಟಿಯಾದ ವಿಜಿ-40.

ಊರಾಚೆ, ಸಾಮಾನ್ಯವಾಗಿ ಕ್ರಷರ್‌ಗಳ ಆಸುಪಾಸಿನಲ್ಲೇ, ಹಾಟ್ ಮಿಕ್ಸ್ ಪ್ಲಾಂಟ್ ಇರುತ್ತದೆ. ಮೊದಲಿಗೆ ಬೇರೆ ಬೇರೆ ಗಾತ್ರದ ಜಲ್ಲಿ ಬೆಲ್ಟಿನ ಮೇಲೆ ಸಾಗಿ, ಒಂದೇ ಸಮ ತಿರುಗುವ ಭಾರಿ ಡ್ರಮ್ಮಿನೊಳಗೆ ಬೀಳುತ್ತದೆ. ಡ್ರಮ್ಮಿನ ಒಂದು ತುದಿಯಲ್ಲಿ ಬರ್ನರಿನ ಜ್ವಾಲೆ. ಕಲ್ಲಿನ ತೇವ ಪೂರ್ತಿ ಆರಬೇಕು. ಹಸಿ ಕಲ್ಲಿಗೆ ಡಾಂಬರು ಅಂಟುವುದಿಲ್ಲ. ಬ್ಯಾಚ್ ಮಾದರಿಯ ಪ್ಲಾಂಟ್‌ಗಳಲ್ಲಿ ಕಾದ ಜಲ್ಲಿಯನ್ನು ಮೇಲಕ್ಕೆತ್ತಿ, ಜರಡಿಯಾಡಿಸಿ, ಗಾತ್ರವಾರು ತೂಗಿ, ಕೆಳಗಿನ ಮಿಕ್ಸರಿಗೆ ಸುರಿಯುತ್ತಾರೆ. ಅಲ್ಲಿ ಅದಕ್ಕೆ ಕಾದ ಡಾಂಬರು ಸೇರುತ್ತದೆ. ಒಂದು ನಿಮಿಷ ಕಳೆಯುವುದರೊಳಗೆ ಪ್ರತಿ ಹರಳಿಗೂ ಕಪ್ಪು ಲೇಪ ಹತ್ತಿರುತ್ತದೆ.

ಕಡಲೆಕಾಯಿ ಚಿಕ್ಕಿ ಮಾಡಿ ಗೊತ್ತಿರುವವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಪಾಕ ಹದ ಮೀರಿದರೂ ಕಷ್ಟ, ಲಟ್ಟಿಸುವ ಮೊದಲೇ ಆರಿದರೂ ಕಷ್ಟ. ವಿಜಿ-30ಕ್ಕೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿಯಮ ಹೀಗಿದೆ: ಮಿಶ್ರಣ 150ರಿಂದ 165 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ರಸ್ತೆಗೆ ಹಾಸುವಾಗ 140ಕ್ಕಿಂತ ಇಳಿದಿರಬಾರದು, ರೋಲರ್ ಕೆಲಸ 90ಕ್ಕೆ ಇಳಿಯುವ ಮುನ್ನ ಮುಗಿಯಬೇಕು. ಅತಿಯಾಗಿ ಕಾಯಿಸಿದರೆ ಡಾಂಬರು ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಪೆಡಸಾಗುತ್ತದೆ, ವಾಹನ ಓಡುವ ಮೊದಲೇ ಮುದಿಯಾಗುತ್ತದೆ. ಅಳತೆಗೆ ಥರ್ಮಾಮೀಟರ್ ಇದ್ದೇ ಇದೆ. ಆದರೂ ಪಳಗಿದವರು ಟಿಪ್ಪರ್ ನೋಡಿಯೇ ಅರ್ಧ ಹೇಳಿಬಿಡುತ್ತಾರೆ. ನೀಲಿ ಹೊಗೆ ಎದ್ದರೆ ಕಾವು ಮೀರಿದೆ. ಗುಡ್ಡೆ ಚೂಪಾಗಿ, ಬಿಗಿದು ನಿಂತರೆ ತಣ್ಣಗಾಗಿದೆ. ನಿಲ್ಲದೆ ಚಪ್ಪಟೆಯಾಗಿ ಹರಡಿದರೆ ಡಾಂಬರು ಹೆಚ್ಚಾಗಿದೆ, ಇಲ್ಲವೇ ಜಲ್ಲಿಯಲ್ಲಿ ತೇವ ಉಳಿದಿದೆ. ಕಂದು ಬಣ್ಣಕ್ಕೆ ತಿರುಗಿ ಹೊಳಪಿಲ್ಲದಿದ್ದರೆ ಡಾಂಬರು ಸಾಲದು.

ಪ್ಲಾಂಟಿನಿಂದ ಹೊರಟ ಟಿಪ್ಪರಿಗೆ ಟಾರ್ಪಾಲಿನ್ ಹೊದಿಸಿರಬೇಕು. ಹೊದಿಸದೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಮೇಲ್ಪದರ ಹೆಪ್ಪುಗಟ್ಟಿ, ಪೇವರ್ ಯಂತ್ರ ಹಾಸಿದ ಮೇಲೂ ಗಂಟುಗಂಟಾಗಿ ಉಳಿಯುತ್ತದೆ. ಟಿಪ್ಪರಿನ ತೊಟ್ಟಿಗೆ ಅಂಟದಿರಲೆಂದು ಡೀಸೆಲ್ ಬಳಿಯುವ ಚಾಳಿ ಇನ್ನೂ ಕೆಟ್ಟದ್ದು. ಡೀಸೆಲ್ ಡಾಂಬರನ್ನೇ ಕರಗಿಸುತ್ತದೆ. ರಸ್ತೆಯಲ್ಲಿ ಮೊದಲು ಹಳೆಯ ಮೈಯನ್ನು ಗುಡಿಸಿ, ಹೊಸ ಪದರ ಹಿಡಿದುಕೊಳ್ಳಲೆಂದು ತೆಳುವಾಗಿ ಡಾಂಬರಿನ ಎಮಲ್ಷನ್ ಸಿಂಪಡಿಸುತ್ತಾರೆ. ಪೇವರ್ ಹಾಸುತ್ತದೆ, ಉಕ್ಕಿನ ಗಾಲಿಯ ರೋಲರ್ ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತಾ ಬರುತ್ತದೆ, ಹಿಂದೆಯೇ ರಬ್ಬರ್ ಟೈರುಗಳ ರೋಲರ್ ನಾದುತ್ತದೆ. ಒತ್ತುವುದಕ್ಕೂ ಮಿತಿಯಿದೆ. ಒಳಗೆ ಶೇ 3ರಿಂದ 5ರಷ್ಟು ಗಾಳಿಯ ಜಾಗ ಇರುವಂತೆ ಮಿಶ್ರಣವನ್ನು ಮೊದಲೇ ಲೆಕ್ಕ ಹಾಕಿರುತ್ತಾರೆ. ಅದೂ ಇಲ್ಲದಿದ್ದರೆ ಏಪ್ರಿಲ್ ಬಿಸಿಲಿಗೆ ಉಬ್ಬಿದ ಡಾಂಬರು ಮೇಲಕ್ಕೆ ಜಿನುಗುತ್ತದೆ. ಗಾಳಿಯ ಜಾಗ ತೀರಾ ಹೆಚ್ಚಾದರೆ ಜೂನ್ ಮಳೆ ಒಳಗೆ ಇಳಿಯುತ್ತದೆ.

ಈ ಬಿಸಿಯ ಪಕ್ಕದಲ್ಲೇ ನಿಂತು ಸಲಿಕೆ ಹಿಡಿಯುವ ಆಳುಗಳಿಗೆ ಬೂಟು, ಕೈಗವಸು ಎಲ್ಲ ಕಡೆಯೂ ಸಿಕ್ಕಿರುವುದಿಲ್ಲ. ಪೀಪಾಯಿಯಡಿ ಸೌದೆ ಉರಿಸಿ, ಕಾಲಿಗೆ ಗೋಣಿ ಸುತ್ತಿಕೊಂಡು ಡಾಂಬರು ಎರಚುತ್ತಿದ್ದ ಕಾಲ ದಾಟಿ ಬಂದೆವು ಎಂದು ಹೆಮ್ಮೆಪಡುವ ಮೊದಲು ಅದನ್ನು ನೋಡಬೇಕು.

ಮೊಹೆಂಜೊದಾರೊದ ದೊಡ್ಡ ಸ್ನಾನಕೊಳದಲ್ಲಿ ನೀರು ಸೋರದಿರಲೆಂದು ಬಳಿದಿದ್ದು ಇದೇ ಜಾತಿಯ ಅಂಟು. ಆ ಅಂಟಿನ ರಸ್ತೆಗೆ ನೀರೇ ಶತ್ರು ಎಂದರೆ ವಿಚಿತ್ರ ಅನ್ನಿಸಬಹುದು. ನೀರು ಡಾಂಬರನ್ನು ಕರಗಿಸುವುದಿಲ್ಲ, ಕಲ್ಲಿಗೂ ಡಾಂಬರಿಗೂ ನಡುವೆ ನುಸುಳಿ ಲೇಪವನ್ನು ಸುಲಿದುಬಿಡುತ್ತದೆ. ದಕ್ಷಿಣ ಕರ್ನಾಟಕದ ಗ್ರಾನೈಟ್‌ನಲ್ಲಿ ಸಿಲಿಕಾ ಹೆಚ್ಚು. ಅದಕ್ಕೆ ಡಾಂಬರಿಗಿಂತ ನೀರಿನ ಮೇಲೆ ಪ್ರೀತಿ. ಬೆಳಗಾವಿ, ವಿಜಯಪುರದ ಕಡೆಯ ಕರಿಗಲ್ಲು ಈ ವಿಷಯದಲ್ಲಿ ವಾಸಿ. ಗ್ರಾನೈಟ್ ಜಲ್ಲಿಗೆ ಸ್ವಲ್ಪ ಸುಣ್ಣದ ಪುಡಿ ಬೆರೆಸಿದರೆ ಹಿಡಿತ ಬಿಗಿಯಾಗುತ್ತದೆ. ಆದರೆ ಉತ್ತರದಲ್ಲಿ ಕಲ್ಲು ಒಳ್ಳೆಯದಿದ್ದರೂ ಕೆಳಗಿನ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಮೇಲಿನದನ್ನೆಲ್ಲ ಸೀಳುತ್ತದೆ. ಎರಡೂ ಕಡೆ ಮದ್ದು ಒಂದೇ: ನೀರು ನಿಲ್ಲಬಾರದು. ಟೆಂಡರಿನಲ್ಲಿ ಡಾಂಬರಿಗೆ ಸಿಗುವ ಮರ್ಯಾದೆ ಚರಂಡಿಗೂ ಸಿಕ್ಕಿದ್ದರೆ ಗುಂಡಿಗಳ ಸುದ್ದಿ ಇಷ್ಟು ಇರುತ್ತಿರಲಿಲ್ಲ ಎಂದೇ ನನ್ನ ಎಣಿಕೆ.

ಇಷ್ಟೆಲ್ಲ ರಗಳೆಯ ವಸ್ತುವನ್ನು ಜಗತ್ತು ಕೈಬಿಡದಿರುವುದಕ್ಕೆ ಕಾರಣಗಳಿವೆ. ರಾತ್ರಿ ಹಾಸಿದ ರಸ್ತೆಯಲ್ಲಿ ಬೆಳಗ್ಗೆ ಬಸ್ಸು ಓಡಿಸಬಹುದು. ಕಾಂಕ್ರೀಟಾದರೆ ದಿನಗಟ್ಟಲೆ ಕ್ಯೂರಿಂಗ್ ಆಗಬೇಕು. ಡಾಂಬರು ಹಾಕುವಾಗಿನ ಖರ್ಚು ಕಡಿಮೆ, ಸವಾರಿಗೆ ಮೆತ್ತಗೆ, ಟೈರಿನ ಸದ್ದೂ ಕಡಿಮೆ. ಬೆಂಗಳೂರಿನಲ್ಲಿ ಡಾಂಬರಿನ ಮೇಲೆ ಕಾಂಕ್ರೀಟ್ ಹೊದಿಸುವ ವೈಟ್ ಟಾಪಿಂಗ್ ಹರಡುತ್ತಿದೆ, ಅದರ ಬಾಳಿಕೆಯೂ ಹೆಚ್ಚು. ಆದರೆ ವರ್ಷಕ್ಕೊಮ್ಮೆ ನೀರಿನ ಪೈಪಿಗೋ ಕೇಬಲ್ಲಿಗೋ ಅಗೆಯಲೇಬೇಕಾದ ಬೀದಿಗೆ ತೇಪೆ ಸುಲಭವಾದ ಡಾಂಬರೇ ಹೊಂದುತ್ತದೆ.

ಕಸವನ್ನೂ ಇದು ಒಳಗೆ ಹಾಕಿಕೊಳ್ಳುತ್ತದೆ. ಕಾದ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಕರಗಿಸಿ ಲೇಪಿಸುವ ವಿಧಾನವನ್ನು ರೂಪಿಸಿದವರು ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್, 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬೆಂಗಳೂರಿನಲ್ಲೂ 2000ದ ದಶಕದಿಂದಲೇ ಪ್ಲಾಸ್ಟಿಕ್ ಬೆರೆಸಿದ ರಸ್ತೆಗಳಾಗಿವೆ. ಕ್ಯಾರಿಬ್ಯಾಗ್, ಹಾಲಿನ ಪೊಟ್ಟಣ ಆಗುತ್ತದೆ. ಪಿವಿಸಿ ಕೂಡದು, ಕಾಯಿಸಿದರೆ ವಿಷಾನಿಲ.

ಪ್ಲಾಸ್ಟಿಕ್ಕಿಗಿಂತ ದೊಡ್ಡ ಲಾಭ ಇನ್ನೊಂದಿದೆ, ಅದರ ಬಗ್ಗೆ ಮಾತು ಕಡಿಮೆ. ಹಳೆಯ ಡಾಂಬರು ಪದರವನ್ನು ಮಿಲ್ಲಿಂಗ್ ಯಂತ್ರದಿಂದ ಹೆರೆದು ಪ್ಲಾಂಟಿಗೆ ಒಯ್ದು, ಹೊಸ ಜಲ್ಲಿ ಮತ್ತು ಡಾಂಬರಿನೊಂದಿಗೆ ಬೆರೆಸಿ ಮತ್ತೆ ಹಾಸಬಹುದು. ನಮ್ಮ ಬಡಾವಣೆಗಳಲ್ಲಿ ಹಳೆಯದನ್ನು ತೆಗೆಯದೆ ಪದರದ ಮೇಲೆ ಪದರ ಹೇರುತ್ತಾ ಬಂದು, ಎಷ್ಟೋ ಮನೆಗಳ ಹೊಸ್ತಿಲು ರಸ್ತೆಗಿಂತ ಕೆಳಗಾಗಿದೆ. ಜೋರು ಮಳೆ ಬಂದರೆ ನೀರು ಹಜಾರಕ್ಕೇ ಬರುತ್ತದೆ. ಹೆರೆದು ಹಾಕಿದರೆ ರಸ್ತೆಯ ಮಟ್ಟ ಏರುವುದಿಲ್ಲ, ಕ್ವಾರಿಯಲ್ಲಿ ಅಷ್ಟು ಬಂಡೆ ಸಿಡಿಸುವುದೂ ತಪ್ಪುತ್ತದೆ.